ಕಮಲತ್ತೆಯ ಮನೆ ಕಟ್ಟಿದ ವರ್ಷ

ಹೋದ ತಿಂಗಳು ಕಣ್ಣಿನ ಡಾಕ್ಟರನ್ನು ನೋಡಿಕೊಂಡು ಬರುವಾಗ ಜಯನಗರದ ಒಂದು ಒಳರಸ್ತೆಯಲ್ಲಿ ಆಟೋಗೆ ಕಾಯುತ್ತ ನಿಂತಿದ್ದೆ. ಎದುರಿಗೆ ಹಳೆಯ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟು ಏಳಿಸುತ್ತಿದ್ದರು. ಕೂಲಿ ಹೆಂಗಸೊಬ್ಬಳು ರಬ್ಬರ್ ಪೈಪು ಹಿಡಿದು ಹೊಸ ಗೋಡೆಗೆ ನೀರು ಬಿಡುತ್ತಿದ್ದಳು. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನೀರು ಬಿದ್ದಾಗ ಒಂದು ಒರಟು ವಾಸನೆ ಏಳುತ್ತದೆ. ಅದು ಮೂಗಿಗೆ ಹತ್ತಿದ್ದೇ ತಡ, ಎಂಬತ್ತು ದಾಟಿದ ನಾನು ಅಲ್ಲೇ ಕಾಂಪೌಂಡಿನ ಕಟ್ಟೆ ಹಿಡಿದು ನಿಂತೆ. ಆಟೋದವನು ಬಂದು, "ಅಜ್ಜಿ, ತಲೆ ಸುತ್ತುತ್ತಾ?" ಎಂದು ಕೇಳಿದ. ಇಲ್ಲಪ್ಪ ಎಂದೆ. ಮನೆ ತಲುಪುವವರೆಗೂ ನನಗೆ ಇಪ್ಪತ್ತು ವಯಸ್ಸಾಗಿತ್ತು.

ಆಗ ಅರವತ್ತರ ದಶಕ ಶುರುವಾಗಿತ್ತಷ್ಟೆ. ನಮ್ಮ ಊರು ಕನಕಪುರ. ಅಪ್ಪ ಅಲ್ಲಿ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಅಪ್ಪನಿಗೆ ಒಬ್ಬಳೇ ತಂಗಿ, ಕಮಲತ್ತೆ. ಅತ್ತೆಯ ಗಂಡ, ನಮ್ಮ ಮಾವ, ಬೆಂಗಳೂರಿನಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತರು. ಅವರಿಗೆ ಒಬ್ಬನೇ ಮಗ ರಘು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದ್ದ. ಬಸವನಗುಡಿಯ ಬಾಡಿಗೆ ಮನೆಯಲ್ಲಿ ಬಹಳ ಕಾಲ ಇದ್ದು, ಕೊನೆಗೆ ಜಯನಗರದಲ್ಲಿ ಸೈಟು ಮಾಡಿ ಮನೆ ಕಟ್ಟಿಸತೊಡಗಿದ್ದರು.

ನಾನು ಕಪ್ಪು. ಮರ್ಯಾದೆಗೆ ಎಣ್ಣೆಗೆಂಪು ಎನ್ನುವವರಿದ್ದರು, ಆದರೆ ನನ್ನದು ಕಪ್ಪೇ. ಅಮ್ಮ ಬೆಳ್ಳಗಿದ್ದಳು. ನಾನು ಹುಟ್ಟಿದಾಗ ಅಮ್ಮನ ತಾಯಿ ತೊಟ್ಟಿಲೊಳಗೆ ಇಣುಕಿ, "ಅಯ್ಯೋ, ಅವರ ಮನೆ ಬಣ್ಣ ಬಂದ್ಬಿಡ್ತಲ್ಲ" ಎಂದು ಸೆರಗನ್ನು ಬಾಯಿಗಿಟ್ಟುಕೊಂಡರಂತೆ. ಅವರ ಮನೆ ಬಣ್ಣ ಎಂದರೆ ಅಪ್ಪನ ಬಣ್ಣ, ಕಮಲತ್ತೆಯ ಬಣ್ಣ. ನಾಮಕರಣಕ್ಕೆ ಬಂದಿದ್ದ ಅತ್ತೆ ಆ ಮಾತು ಕೇಳಿ ನನ್ನನ್ನು ಎತ್ತಿಕೊಂಡು, "ನಿಮಗೆ ಭಾರ ಆದ್ರೆ ನನಗೆ ಕೊಡಿ. ಇವಳು ನನ್ನ ಸೊಸೆ" ಎಂದಳಂತೆ. ನಮ್ಮಲ್ಲಿ ಅಣ್ಣನ ಮಗಳೂ ಸೊಸೆಯೇ, ಮಗನ ಹೆಂಡತಿಯೂ ಸೊಸೆಯೇ. ಅತ್ತೆ ಯಾವ ಅರ್ಥದಲ್ಲಿ ಹೇಳಿದಳೆಂದು ಯಾರೂ ಬಿಡಿಸಿ ಕೇಳಲಿಲ್ಲ. ಎರಡೂ ಒಂದೇ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದು ಬೆಳೆದೆ.

ಬೇಸಿಗೆ ರಜಕ್ಕೆ ಅತ್ತೆಯ ಮನೆಗೆ ಹೋದಾಗಲೆಲ್ಲ ಅವಳು ನನ್ನ ತಲೆ ಬಾಚುತ್ತ ತನ್ನ ಕತೆ ಹೇಳುತ್ತಿದ್ದಳು. ಅವಳ ಅತ್ತೆಗೆ ಇಬ್ಬರು ಸೊಸೆಯರು. ಚಿಕ್ಕವಳು ಬೆಳ್ಳಗಿದ್ದಳು. ಹಬ್ಬಕ್ಕೆ ನೆಂಟರು ಬಂದರೆ, "ಬಡಿಸೋಕೆ ಚಿಕ್ಕವಳು ಬರ್ಲಿ, ಕಮಲಾ, ನೀನು ಒಲೆ ನೋಡ್ಕೋ" ಎನ್ನುತ್ತಿದ್ದರಂತೆ ಆ ಮುದುಕಿ. ಮಾಡಿದ ಅಡುಗೆಯೆಲ್ಲ ಕಮಲತ್ತೆಯದು, ಪಂಕ್ತಿಯಲ್ಲಿ ಹೊಗಳಿಸಿಕೊಳ್ಳುತ್ತಿದ್ದವಳು ಇನ್ನೊಬ್ಬಳು. ಇದನ್ನು ಹೇಳುವಾಗ ಅತ್ತೆಯ ಬೆರಳು ನನ್ನ ಜಡೆಯಲ್ಲಿ ಬಿಗಿಯಾಗುತ್ತಿತ್ತು. "ನಿಂಗೆ ಆ ಗತಿ ಬರಲ್ಲ ಕಣೇ ವಿಶಾಲು. ನೀನು ನಮ್ಮನೆಗೆ ಬರೋಳು" ಎಂದು ಜಡೆಯ ತುದಿಗೆ ಟೇಪು ಕಟ್ಟುತ್ತಿದ್ದಳು. ಲೋಕದಲ್ಲಿ ಯಾರು ನನ್ನ ಮುಖ ನೋಡಿ ಏನಂದರೂ ನನಗೆ ಅತ್ತೆ ಇದ್ದಾಳೆ ಎಂಬ ಧೈರ್ಯವಿತ್ತು.

ಆ ವರ್ಷ ಯುಗಾದಿ ಕಳೆದ ಮೇಲೆ ಅಪ್ಪ ನನ್ನನ್ನು ಬಸ್ಸಿನಲ್ಲಿ ಕರೆತಂದು ಅತ್ತೆಯ ಮನೆಯಲ್ಲಿ ಬಿಟ್ಟರು. ಮಳೆಗಾಲಕ್ಕೆ ಟೀಚರ್ಸ್ ಟ್ರೈನಿಂಗ್ ಸೇರಬೇಕಿತ್ತು. "ಅಷ್ಟರಲ್ಲಿ ಅತ್ತೆಗೆ ಮನೆ ಕೆಲಸದಲ್ಲಿ ಒತ್ತಾಸೆಯಾಗಿರು" ಎಂದರು. ಹೊರಡುವಾಗ ಯಾಕೋ ನನ್ನ ತಲೆಯ ಮೇಲೆ ಕೈಯಿಟ್ಟು, "ಅತ್ತೆ ಮನಸ್ಸಿಗೆ ಬರೋ ಹಾಗೆ ನಡ್ಕೋ ಮಗೂ" ಎಂದರು. ಅತ್ತೆಯ ಮನಸ್ಸಿಗೆ ನಾನು ಹೊಸದಾಗಿ ಬರಬೇಕೇ ಎಂದು ನಗು ಬಂತು.

ಜಯನಗರ ಆಗ ಈಗಿನ ಹಾಗಿರಲಿಲ್ಲ. ನೇರ ನೇರ ಎಳೆದ ರಸ್ತೆಗಳು, ಕಲ್ಲು ನೆಟ್ಟ ಸೈಟುಗಳು, ನಡುನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು ಮನೆ. ದಕ್ಷಿಣಕ್ಕೆ ನಡೆದರೆ ರಾಗಿ ಹೊಲ, ಅದರಾಚೆ ಸಾರಕ್ಕಿ ಕೆರೆ. ಬೆಳಿಗ್ಗೆ ಸಾರಕ್ಕಿಯ ಹೆಂಗಸರು ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದರು. ಗಾಳಿಗೆ ತಡೆಯೇ ಇರಲಿಲ್ಲ. ಒಗೆದು ಹರವಿದ ಸೀರೆ ಹಾರಿ ನಾಲ್ಕು ಸೈಟಿನಾಚೆ ಲಂಟಾನಾ ಪೊದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅತ್ತೆ ಬಾಡಿಗೆ ಉಳಿಸಲೆಂದು ಚಾವಣಿ ಬಿದ್ದ ಎರಡು ಕೋಣೆಗೆ ಆಗಲೇ ಬಂದಿದ್ದಳು. ಉಳಿದ ಮನೆ ನಮ್ಮ ಸುತ್ತ ಏಳುತ್ತಿತ್ತು.

ಗೋಡೆಗೆ ನೀರು ಹಾಕುವ ಕೆಲಸ ನನ್ನದಾಯಿತು. ಸೈಟಿನ ಬಾವಿಯಿಂದ ಸೇದಿ, ಬಕೆಟ್ಟಿನಲ್ಲಿ ಹೊತ್ತು, ಚೊಂಬಿನಿಂದ ಎರಚಬೇಕು. ಚಾವಣಿಯ ಮೇಲೆ ಗೋಣಿತಾಟು ಹೊದಿಸಿ ಅದು ಒಣಗದಂತೆ ನೋಡಿಕೊಳ್ಳಬೇಕು. ಚೈತ್ರ ವೈಶಾಖದ ಬಿಸಿಲು. ಅಂಗೈ ಬಿರಿದು ಉಪ್ಪು ತಾಗಿದರೆ ಉರಿಯುತ್ತಿತ್ತು. "ಬಿಸಿಲಲ್ಲಿ ನಿಂತು ಇನ್ನೂ ಕಪ್ಪಾಗ್ತೀಯ ಕಣೇ" ಎಂದು ಅತ್ತೆ ಅನ್ನುವಳು, ಅಂದು ಬಕೆಟ್ಟನ್ನು ನನ್ನ ಕೈಗೇ ಕೊಡುವಳು. ನನಗೆ ಬೇಸರವಿರಲಿಲ್ಲ. ಆ ಗೋಡೆ ಗಟ್ಟಿಯಾಗಬೇಕು, ಅದರೊಳಗೆ ನಾನು ಬಾಳಬೇಕು ಎಂಬ ಲೆಕ್ಕದಲ್ಲಿ ಎರಚುತ್ತಿದ್ದೆ. ಪಕ್ಕದ ಸೈಟಿನವರು ಬಂದು, "ಇವಳು ನಿಮ್ಮ ಸೊಸೇನಾ?" ಎಂದು ಕೇಳಿದರೆ ಅತ್ತೆ, "ಹೌದು, ನಮ್ಮ ಸೊಸೆ" ಎನ್ನುತ್ತಿದ್ದಳು. ಆ ಮಾತು ಕೇಳಿದ ದಿನ ನಾನು ಇನ್ನೆರಡು ಬಕೆಟ್ಟು ಹೆಚ್ಚೇ ಸೇದುತ್ತಿದ್ದೆ.

ರಘುವಿಗೆ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಮೊದಲು ಬೊಂಬಾಯಿಯಲ್ಲಿ ಆರು ತಿಂಗಳು ತರಬೇತಿ. ಹೊರಡುವ ವಾರ ಒಂದು ಸಂಜೆ ಮೇಸ್ತ್ರಿಯ ಜೊತೆ ಅಡುಗೆಮನೆಯ ಗೋಡೆಯ ಹತ್ತಿರ ನಿಂತಿದ್ದವನು ನನ್ನನ್ನು ಕೂಗಿದ.

"ವಿಶಾಲು, ಇಲ್ಲಿ ಬಾ. ಕಿಟಕಿ ಯಾವ ಕಡೆ ಇಡ್ಸೋಣ ಹೇಳು."

"ನನ್ನನ್ಯಾಕೆ ಕೇಳ್ತೀಯ? ಅತ್ತೇನ ಕೇಳು."

"ಅಮ್ಮ ಇನ್ನೆಷ್ಟು ವರ್ಷ ಒಲೆ ಮುಂದೆ ನಿಲ್ತಾಳೆ?" ಎಂದು ನಕ್ಕ.

ಮೇಸ್ತ್ರಿಯೂ ನಕ್ಕ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನೆಲ ನೋಡುತ್ತ, "ಹೊಲ ಕಾಣೋ ಕಡೆ" ಎಂದೆ. ಮಾರನೆಯ ದಿನ ಆ ಕಡೆ ಕಿಟಕಿಯ ಚೌಕಟ್ಟು ಕೂತಿತು. ರಘು ಮೊದಲಾಗಲಿ ಆಮೇಲಾಗಲಿ ನನಗೆ ಯಾವ ಪ್ರೀತಿಯ ಮಾತೂ ಹೇಳಿದವನಲ್ಲ. ನಮ್ಮ ಕಾಲದಲ್ಲಿ ಹೇಳುತ್ತಲೂ ಇರಲಿಲ್ಲ. ಅದೊಂದು ಕಿಟಕಿ ನನಗೆ ಸಾಕಾಗಿತ್ತು.

ಮಳೆ ಶುರುವಾಯಿತು. ನಾನು ಟ್ರೈನಿಂಗ್ ಸೇರಿ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಕೆಸರು ತುಳಿದುಕೊಂಡು ಬರುತ್ತಿದ್ದೆ. ಬಂದು ಬಾಗಿಲಿಗೆ ಬಣ್ಣ ಬಳಿಯುತ್ತಿದ್ದೆ, ನೆಲಕ್ಕೆ ಹಾಸಿದ ಕಡಪ ಕಲ್ಲನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದೆ. ಶ್ರಾವಣದಲ್ಲಿ ಗೃಹಪ್ರವೇಶ. ಮಾವನ ಕಚೇರಿಯವರು, ಬಸವನಗುಡಿಯ ಹಳೆಯ ನೆರೆಯವರು, ಮಲ್ಲೇಶ್ವರದಿಂದ ಮಾವನ ಸ್ನೇಹಿತರ ಒಂದು ಕುಟುಂಬ, ಎಲ್ಲ ಸೇರಿ ಮನೆ ತುಂಬಿತು. ನಾನು ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟು, ಹೂವಿಟ್ಟು, ಬಡಿಸಲು ಪಾಯಸದ ಪಾತ್ರೆ ಎತ್ತಿಕೊಂಡೆ. ಅತ್ತೆ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡಳು.

"ಬಡಿಸೋಕೆ ಬೇರೆಯವರಿದಾರೆ. ನೀನು ಒಲೆ ನೋಡ್ಕೋ ವಿಶಾಲು."

ನಾನು ಒಲೆ ನೋಡಿಕೊಂಡೆ. ಮನೆಯವಳಲ್ಲವೇ, ನಂಬಿಕೆಯ ಜಾಗಕ್ಕೆ ನನ್ನನ್ನು ಹಾಕಿದ್ದಾಳೆ ಎಂದುಕೊಂಡೆ. ಅತ್ತೆಯೇ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದ್ದ ಮಾತು ಅದು. ಆದರೂ ಆ ದಿನ ಅದು ಕಿವಿಯ ಮೇಲೆ ಬಿದ್ದು ಹಾಗೆಯೇ ಜಾರಿ ಹೋಯಿತು. ಅವಳ ಬಾಯಿಂದ ಅದು ಬರಬಹುದೆಂದು ನನ್ನ ಕಿವಿ ಕಾದಿರಲಿಲ್ಲ.

ದೀಪಾವಳಿಗೆ ರಘು ಬಂದ. ಮೈ ತುಂಬಿಕೊಂಡಿದ್ದ, ತಲೆಗೂದಲನ್ನು ಹೊಸ ರೀತಿ ಬಾಚುತ್ತಿದ್ದ. ನನ್ನನ್ನು ಕಂಡು, "ಚೆನ್ನಾಗಿದೀಯಾ? ಓದು ಹೇಗಿದೆ?" ಎಂದು ಕೇಳಿ ಪೇಪರು ಹಿಡಿದು ಕೂತ. ಪ್ರಯಾಣದ ದಣಿವು ಎಂದುಕೊಂಡೆ. ಹಬ್ಬ ಕಳೆದ ಒಂದು ಶನಿವಾರ ಮಧ್ಯಾಹ್ನ ನಾನು ಹಜಾರದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಅತ್ತೆ ಬಂದು ಎದುರಿಗೆ ಕೂತಳು. ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದು ತಾನೂ ಆರಿಸತೊಡಗಿದಳು.

"ನಾಳೆ ಮಲ್ಲೇಶ್ವರಕ್ಕೆ ಹೋಗ್ಬೇಕು. ನೀನೂ ಬಾ."

"ಏನು ವಿಶೇಷ?"

"ಗೃಹಪ್ರವೇಶಕ್ಕೆ ಬಂದಿದ್ರಲ್ಲ, ನಿಮ್ಮ ಮಾವನ ಸ್ನೇಹಿತರು, ಅವರ ಮಗಳನ್ನ ನೋಡೋಕೆ. ರಘುಗೆ."

ನಾನು ಕೈಯಲ್ಲಿದ್ದ ಅಕ್ಕಿಯನ್ನೇ ನೋಡಿದೆ. ಕಲ್ಲು ಯಾವುದು, ಅಕ್ಕಿ ಯಾವುದು ಎಂದು ತಿಳಿಯಲಿಲ್ಲ.

"ರಘುಗಾ?" ಎಂದೆ.

ಅತ್ತೆ ತಲೆ ಎತ್ತಲಿಲ್ಲ. "ಯಾಕೆ, ನಿಮ್ಮಪ್ಪ ನಿಂಗೇನೂ ಹೇಳಿಲ್ವಾ? ನಾನು ಅಣ್ಣನಿಗೆ ಆಗ್ಲೇ ಹೇಳಿದೀನಲ್ಲ."

"ನೀನು ನನ್ನನ್ನ ಸೊಸೆ ಅಂತಿದ್ದೆ ಅತ್ತೆ."

"ಅಣ್ಣನ ಮಗಳು ಸೊಸೆ ಅಲ್ದೆ ಇನ್ನೇನೇ?" ಎಂದಳು ಅತ್ತೆ, ಬಹಳ ಮೆತ್ತಗೆ. ಎದ್ದು ಸೆರಗು ಕೊಡವಿಕೊಂಡು ಒಳಗೆ ಹೋದಳು.

ನಾನು ಹೋಗದೆ ಉಳಿಯಬಹುದಿತ್ತು. ತಲೆನೋವು ಎಂದಿದ್ದರೆ ಯಾರೂ ಬಲವಂತ ಮಾಡುತ್ತಿರಲಿಲ್ಲ. ಆದರೆ ನನ್ನೊಳಗೆ ಒಂದು ನಂಬಿಕೆ ಇನ್ನೂ ಬದುಕಿತ್ತು. ಅಲ್ಲಿ, ಎಲ್ಲರ ಎದುರು, ರಘು ಬೇಡ ಎನ್ನುತ್ತಾನೆ. ಅದನ್ನು ನಾನು ಕಣ್ಣಾರೆ ನೋಡಬೇಕು. ಹಾಗೆಂದುಕೊಂಡು ಹೋದೆ.

ಮಲ್ಲೇಶ್ವರದ ಆ ಮನೆಯಲ್ಲಿ ಹಜಾರದ ತುಂಬ ಜಮಖಾನ ಹಾಸಿದ್ದರು. ಉಪ್ಪಿಟ್ಟು, ಕೇಸರಿಬಾತು ಬಂತು. ಹುಡುಗಿ ಬಂದಳು. ಹೆಸರು ಲಲಿತಾ. ತಿಳಿ ಗುಲಾಬಿ ಸೀರೆ, ನಿಜವಾಗಿಯೂ ಬೆಳ್ಳಗಿದ್ದಳು. ನಮಸ್ಕಾರ ಮಾಡಿ ಕೂತಳು. ಅತ್ತೆ ನನ್ನ ಕಡೆ ಬಾಗಿ ಕಿವಿಯಲ್ಲಿ ಹೇಳಿದಳು: "ಕೈ ತೊಳೀಬೇಕು ಅಂತ ಹೇಳಿ ಅವಳನ್ನ ಹಿತ್ತಲಿಗೆ ಕರ್ಕೊಂಡ್ ಹೋಗು. ಹೇಗಾದ್ರೂ ಮಾಡಿ ಮುಖ ತೊಳ್ಸು. ಪೌಡರೋ ಬಣ್ಣವೋ ನೋಡ್ಕೊಂಡ್ ಬಾ."

ಆಗ ಎಷ್ಟು ಮನೆಗಳಲ್ಲಿ ಹುಡುಗಿಯರ ಬಣ್ಣವನ್ನು ಹೀಗೆ ನೋಡಿಸುತ್ತಿದ್ದರೋ. ಈ ಸಲ ನೋಡಲು ಕಳಿಸಿದ್ದು ನನ್ನನ್ನು. ನಾನು ಎದ್ದೆ. ಲಲಿತಾ ನನ್ನನ್ನು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ತುಳಸಿಕಟ್ಟೆ, ಒಗೆಯುವ ಕಲ್ಲು, ನಲ್ಲಿ. ನಾನು ಕೈ ತೊಳೆದೆ. ನಲ್ಲಿ ನಿಲ್ಲಿಸದೆ ಪಕ್ಕಕ್ಕೆ ಸರಿದೆ. ಅವಳೇ ನಲ್ಲಿಯ ಕೆಳಗೆ ಬಗ್ಗಿ ಎರಡು ಬೊಗಸೆ ನೀರು ತೆಗೆದು ಮುಖಕ್ಕೆ ಎರಚಿಕೊಂಡು, ಸೆರಗಿನಿಂದ ಗಟ್ಟಿಯಾಗಿ ಒರೆಸಿಕೊಂಡು, ಮುಖವನ್ನು ಬೆಳಕಿಗೆ ಹಿಡಿದಳು.

"ಇದಕ್ಕೇ ಅಲ್ವಾ ಕಳ್ಸಿರೋದು? ನೋಡ್ಕೊಳ್ಳಿ. ಹೋದ ಸಲ ಬಂದವರು ಸೋಪು ತಂದಿದ್ರು."

ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಒಂದು ಮುಖ ಎದ್ದು ನಮ್ಮನ್ನು ನೋಡಿತು. ಹದಿನಾರು ಹದಿನೇಳರ ಹುಡುಗಿ, ನನ್ನದೇ ಬಣ್ಣ. ನಾನು ನೋಡಿದ ಕೂಡಲೇ ಕೆಳಗಿಳಿಯಿತು.

"ನನ್ನ ತಂಗಿ," ಎಂದಳು ಲಲಿತಾ. "ಯಾರಾದ್ರೂ ನನ್ನ ನೋಡೋಕೆ ಬಂದಾಗ ಅವಳನ್ನ ಅಲ್ಲಿ ಕೂರಿಸ್ತಾರೆ. ಮನೇಲಿ ಕಪ್ಪಿದೆ ಅಂತ ಗೊತ್ತಾದ್ರೆ ನನ್ನ ಮದುವೆ ಆಗಲ್ವಂತೆ." ಆಮೇಲೆ ಕೇಳಿದಳು, "ನೀವು ಅವರಿಗೆ ಏನಾಗ್ಬೇಕು?"

"ರಘು ನನ್ನ ಸೋದರತ್ತೆ ಮಗ."

"ಮದುವೆ ಆಗಿದ್ಯಾ ನಿಮಗೆ?"

"ಇಲ್ಲ."

"ಹಾಗಾದ್ರೆ ನಿಮ್ಮನ್ನ ಯಾಕೆ..." ಎಂದು ಶುರುಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಅವಳಿಗೆ ಉತ್ತರ ಅಲ್ಲೇ ಕಂಡಿತು. ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಇನ್ನೂ ಒದ್ದೆಯಾಗಿತ್ತು. ಅವಳನ್ನು ದ್ವೇಷಿಸಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ಅದೂ ನನ್ನ ಕೈಲಿ ಆಗಲಿಲ್ಲ.

ಹಜಾರಕ್ಕೆ ಬಂದಾಗ ಅತ್ತೆ ಕಣ್ಣಲ್ಲೇ ಕೇಳಿದಳು. ನಾನು ನಿಂತಲ್ಲಿಂದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಮುಖ ತೊಳ್ಕೊಂಡ್ರು ಅತ್ತೆ. ಬಣ್ಣ ಹೋಗ್ಲಿಲ್ಲ. ನಿಜವಾದ್ದೇ."

ಲಲಿತಾಳ ತಂದೆ ಅಂಗವಸ್ತ್ರ ಸರಿ ಮಾಡಿಕೊಂಡರು. ಮಾವ ಕೆಮ್ಮಿದರು. ನಾನು ರಘುವನ್ನು ನೋಡಿದೆ. ಅವನು ತಟ್ಟೆಯಲ್ಲಿ ಉಳಿದಿದ್ದ ಉಪ್ಪಿಟ್ಟಿನಿಂದ ಕರಿಬೇವಿನ ಎಸಳು ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದ. "ಹುಡುಗ ಏನಂತಾನೆ?" ಎಂದು ಯಾರೋ ಹಿರಿಯರು ವಾತಾವರಣ ತಿಳಿಗೊಳಿಸಲು ಕೇಳಿದರು. "ಅಮ್ಮ ಹೇಳಿದ ಹಾಗೆ" ಎಂದ ರಘು, ತಲೆ ಎತ್ತದೆ.

ಮನೆಗೆ ಬಂದ ಮೇಲೆ ಅತ್ತೆ ನನ್ನ ಮೇಲೆ ರೇಗಿದಳು. ಮರ್ಯಾದೆ ಕಳೆದೆ ಎಂದಳು. ನಾನು ಸೀರೆ ಸಹ ಬದಲಾಯಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ.

"ನಿಮ್ಮತ್ತೆ ನಿಂಗೆ ಮಾಡಿದ್ದನ್ನೆಲ್ಲ ನನಗೆ ಹೇಳ್ತಿದ್ಯಲ್ಲ. ಯಾಕೆ ಹೇಳ್ತಿದ್ದೆ?"

ಅತ್ತೆಯ ಮುಖ ಒಮ್ಮೆಗೇ ಸಡಿಲಗೊಂಡಿತು. ರೇಗುವುದನ್ನು ನಿಲ್ಲಿಸಿ ಮಣೆಯ ಮೇಲೆ ಕೂತಳು.

"ಅದಕ್ಕೇ ಕಣೇ. ಆ ಪಾಡು ಪಟ್ಟಿದ್ದಕ್ಕೇ. ರಘುನೂ ಕಪ್ಪು, ನೀನೂ ಕಪ್ಪು. ನಾಳೆ ಒಂದು ಹೆಣ್ಣು ಮಗು ಹುಟ್ಟಿದ್ರೆ? ಅದೂ ಇನ್ನೊಬ್ಬರ ಮನೆ ಒಲೆ ಹಿಂದೆ ಕೂತ್ಕೋಬೇಕಾ? ನನ್ನ ಮನೇಲಿ ಇದು ನನಗೇ ಕೊನೆ ಆಗ್ಲಿ ಅಂತ ನಾನು ದೇವರಿಗೆ ಹೇಳ್ಕೊಂಡಿದೀನಿ."

"ಹುಟ್ಟದೇ ಇರೋ ಮಗೂಗೆ ಇಷ್ಟು ಯೋಚನೆ ಮಾಡಿದೀಯ. ಹುಟ್ಟಿರೋ ನನ್ನ ಗತಿ ಏನು ಅತ್ತೆ?"

ಅವಳು ಅತ್ತಳು. ಕಪಟದ ಅಳುವಲ್ಲ, ನಿಜವಾದ ಅಳು. ಆಗ ನನಗೆ ಇನ್ನೂ ಭಯವಾಯಿತು. ಕೆಟ್ಟವಳಾಗಿದ್ದರೆ ಬೈದು ಹೊರಗೆ ಬರಬಹುದಿತ್ತು. ಅವಳು ನನ್ನನ್ನು ಪ್ರೀತಿಸುತ್ತಲೇ ಇದನ್ನು ಮಾಡಿದ್ದಳು. ನನ್ನ ಮುಖದಲ್ಲಿ ಅವಳು ಇಷ್ಟು ವರ್ಷ ನೋಡುತ್ತಿದ್ದದ್ದು ತನ್ನದೇ ಅವಮಾನವನ್ನು.

ಮಾರನೆಯ ಸಂಜೆ ಮಹಡಿಯ ಮೇಲೆ ಬಟ್ಟೆ ತೆಗೆಯಲು ಹೋದಾಗ ರಘು ಅಲ್ಲಿದ್ದ. ಕೆಳಗೆ ಹೋಗಲು ತಿರುಗಿದವನನ್ನು ನಾನೇ ನಿಲ್ಲಿಸಿದೆ.

"ಅಡುಗೆಮನೆ ಕಿಟಕಿ ಯಾರಿಗೆ ಅಂತ ಇಡ್ಸಿದ್ದು?"

ಅವನು ಗೋಡೆಯ ಮೇಲೆ ಎರಡೂ ಕೈಯಿಟ್ಟು ಹೊಲದ ಕಡೆ ನೋಡಿದ. "ಆಗ ನನಗೇನೂ ಗೊತ್ತಿರ್ಲಿಲ್ಲ ವಿಶಾಲು. ಆಮೇಲೆ ಅಮ್ಮ ಹೇಳಿದ್ಲು. ಯೋಚನೆ ಮಾಡಿದೆ. ಇನ್ಮೇಲೆ ಆಫೀಸರುಗಳ ಮನೆಗೆಲ್ಲ ಜೋಡಿಯಾಗಿ ಹೋಗ್ಬೇಕಾಗುತ್ತೆ. ಅಲ್ಲಿ ನಿನಗೇ ಕಷ್ಟ ಆಗುತ್ತೆ."

"ನನಗೆ ಕಷ್ಟ ಆಗುತ್ತೆ ಅಂತ ನೀನು ಬೇಡ ಅಂದ್ಯಾ?"

"ಹಾಗಲ್ಲ..."

ನಾನು ಅವನ ಕೈಗಳ ಪಕ್ಕದಲ್ಲಿ ನನ್ನ ಕೈಗಳನ್ನು ಇಟ್ಟೆ. ಇಳಿಬಿಸಿಲಿನಲ್ಲಿ ನಾಲ್ಕೂ ಕೈ ಒಂದೇ ಬಣ್ಣವಿದ್ದವು. ಅವನೂ ನೋಡಿದ. ತನ್ನ ಕೈ ತೆಗೆದು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡ.

ಒಂದು ವಾರಕ್ಕೆ ಅಪ್ಪ ಬಂದರು. ಲಗ್ನದ ಮಾತಿಗೆ ಅತ್ತೆಯೇ ಕರೆಸಿದ್ದಳು. ಹುಡುಗನ ಸೋದರಮಾವನಲ್ಲವೇ, ಅಪ್ಪನಿಲ್ಲದೆ ಮಾತು ಮುಂದೆ ಹೋಗುವಂತಿರಲಿಲ್ಲ. ಊಟವಾದ ಮೇಲೆ ಅವರನ್ನು ಸಾರಕ್ಕಿ ಕಡೆಯ ದಾರಿಯಲ್ಲಿ ಕರೆದುಕೊಂಡು ಹೊರಟೆ. ರಾಗಿ ಕೊಯ್ಲಾಗಿ ಹೊಲದಲ್ಲಿ ಬರೀ ಕೂಳೆ ಉಳಿದಿತ್ತು.

"ಅತ್ತೆ ನಿಮಗೆ ಯಾವಾಗ ಹೇಳಿದ್ಲು ಅಪ್ಪ?"

ಅಪ್ಪ ಸುಳ್ಳು ಹೇಳುವವರಲ್ಲ. ತಡೆದು ತಡೆದು ಹೇಳಿದರು. "ಸಂಕ್ರಾಂತಿಗೆ ಊರಿಗೆ ಬಂದಿದ್ಲಲ್ಲ, ಆಗ."

"ಅಂದ್ರೆ ನನ್ನನ್ನ ಇಲ್ಲಿಗೆ ತಂದು ಬಿಡೋದಕ್ಕೆ ಮುಂಚೆ."

"ಹೂಂ."

"ಗೊತ್ತಿದ್ದೂ ಬಿಟ್ಟು ಹೋದ್ರಾ?"

ಅವರು ನಿಂತರು. ಕೊಡೆಯ ತುದಿಯಿಂದ ನೆಲ ಕೆದಕುತ್ತ, ಮಕ್ಕಳಿಗೆ ಕಷ್ಟದ ಲೆಕ್ಕ ಬಿಡಿಸಿ ಹೇಳುವ ಅದೇ ಸಮಾಧಾನದ ದನಿಯಲ್ಲಿ ಹೇಳಿದರು: "ಕಮಲಿ ಮನಸ್ಸು ಕೆಟ್ಟದ್ದಲ್ಲ ಮಗೂ. ಕಣ್ಣೆದುರಿಗೆ ಇದ್ರೆ, ನೀನು ಕೆಲಸ ಮಾಡೋದನ್ನ ದಿನಾ ನೋಡಿದ್ರೆ, ಬಣ್ಣ ಮರೀತಾಳೆ ಅಂದ್ಕೊಂಡೆ. ಮನೆ ಮುಗಿಯೋ ಹೊತ್ತಿಗೆ ಅವಳೇ ಬಂದು ಕೇಳ್ತಾಳೆ ಅಂತ ಕಾದೆ."

ಆ ಬಿಸಿಲು, ಆ ಬಕೆಟ್ಟುಗಳು, ಬಿರಿದ ಅಂಗೈ, ಉಜ್ಜಿದ ಕಲ್ಲು. ನನ್ನ ಮನೆ ಎಂದು ನಾನು ಮಾಡಿದ್ದೆಲ್ಲ ನನಗೇ ಗೊತ್ತಿಲ್ಲದೆ ಕೊಟ್ಟ ಪರೀಕ್ಷೆಯಾಗಿತ್ತು. ನನ್ನನ್ನು ಆ ಮನೆಯಲ್ಲಿ ಏಳು ತಿಂಗಳು ತೋರಿಸಲು ಇಟ್ಟಿದ್ದರು. ಇಟ್ಟವರು ಅಪ್ಪ. ಬಣ್ಣಕ್ಕೆ ಬದಲಾಗಿ ಬೆವರು ಕೊಟ್ಟರೆ ಸರಿಹೋಗುತ್ತದೆ ಎಂದು ಅವರೂ ನಂಬಿದ್ದರು. ಅಂದರೆ ಬಣ್ಣ ಒಂದು ಕೊರತೆ ಎಂದು ಅವರೂ ಒಪ್ಪಿದ್ದರು.

"ಇನ್ನೊಂದು ಮಾತಿದೆ," ಎಂದರು ಅಪ್ಪ. "ನಿಮ್ಮ ಮಾವನ ಕಚೇರೀಲಿ ಒಬ್ರಿದಾರಂತೆ. ಮೊದಲನೇ ಹೆಂಡತಿ ತೀರಿಕೊಂಡಿದಾರೆ. ಇಬ್ಬರು ಮಕ್ಕಳು. ವಯಸ್ಸು ಸ್ವಲ್ಪ ಹೆಚ್ಚು. ಆದ್ರೆ ಬಣ್ಣ ಗಿಣ್ಣ ನೋಡಲ್ವಂತೆ. ಕಮಲೀನೇ ಮಾತಾಡ್ತೀನಿ ಅಂದಿದಾಳೆ."

ನಾನು ಅಳಲಿಲ್ಲ. "ನಾನು ಊರಿಗೆ ಬರಲ್ಲ ಅಪ್ಪ. ಅತ್ತೆ ಮನೇಲೂ ಇರಲ್ಲ. ಟ್ರೈನಿಂಗ್ ಮುಗಿಸ್ತೀನಿ" ಎಂದೆ. "ಒಬ್ಬಳೇ ಎಲ್ಲಿರ್ತೀಯ? ಜನ ಏನಂತಾರೆ?" ಎಂದರು. ಜನ ಇನ್ನು ಅನ್ನುವುದಕ್ಕೆ ಏನು ಉಳಿದಿದೆ ಎಂದು ಕೇಳಿದೆ.

ನನ್ನ ಜೊತೆ ಓದುತ್ತಿದ್ದ ಗೆಳತಿಯೊಬ್ಬಳ ದೊಡ್ಡಮ್ಮ, ಪದ್ಮಾವತಮ್ಮ ಎಂಬ ವಿಧವೆ, ಗಾಂಧಿಬಜಾರಿನ ಹತ್ತಿರ ಒಬ್ಬರೇ ಇದ್ದರು. ಅವರ ಮನೆಯ ಮುಂದಿನ ಕೋಣೆಗೆ ಹೋದೆ. ಬಾಗಿಲಲ್ಲಿ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದಾಗ ಏನು ಅನ್ನುತ್ತಾರೋ ಎಂದು ಕಾದೆ. "ಟ್ರಂಕು ಭಾರ ಇರೋ ಹಾಗಿದೆ, ಇಳಿಸು ಮೊದಲು. ಬೆಳಿಗ್ಗೆ ಎಷ್ಟು ಹೊತ್ತಿಗೆ ಕಾಫಿ ಕುಡೀತೀಯ?" ಎಂದರು. ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿ ನಾನು ಅಲ್ಲಿ ಉಳಿದೆ. ಟ್ರಂಕು ತೆಗೆದುಕೊಂಡು ಬರುವ ದಿನ ಅತ್ತೆ ಗೇಟಿನವರೆಗೂ ಬಂದಿದ್ದಳು. "ಮದುವೆಗೆ ಬರ್ತೀಯಲ್ವಾ ವಿಶಾಲು?" ಎಂದು ಕೇಳಿದಳು. ನಾನು ಗೇಟು ಹಾಕಿಕೊಂಡು ಬಂದೆ.

ಮಾಘದಲ್ಲಿ ಮದುವೆ ನಡೆಯಿತು. ಅಪ್ಪ ಸೋದರಮಾವನ ಶಾಸ್ತ್ರವನ್ನೆಲ್ಲ ಮಾಡಿ, ಬಂದವರನ್ನು ನಗುನಗುತ್ತ ಮಾತಾಡಿಸಿ, ಯಾರಿಗೂ ಏನೂ ಗೊತ್ತಾಗದ ಹಾಗೆ ನಡೆಸಿಕೊಟ್ಟರು ಎಂದು ಅಮ್ಮ ಆಮೇಲೆ ಹೇಳಿದಳು. ಅಮ್ಮ ಹೇಳಿದ್ದು ಹೆಮ್ಮೆಯಿಂದ.

ರಘು ಲಲಿತಾರಿಗೆ ಇಬ್ಬರು ಮಕ್ಕಳಾದರು. ಈ ಕತೆ ಕೇಳಿದವರೆಲ್ಲ ಇಲ್ಲಿಗೆ ಬಂದಾಗ, ಆ ಮಕ್ಕಳ ಬಣ್ಣ ಹೇಗಿತ್ತು ಎಂದು ಕೇಳುತ್ತಾರೆ. ನಾನು ಹೇಳುವುದಿಲ್ಲ. ಹೇಳಿದರೆ ನಾನೂ ಆ ಮಕ್ಕಳನ್ನು ನಲ್ಲಿಯ ಹತ್ತಿರ ಕರೆದೊಯ್ದ ಹಾಗಾಗುತ್ತದೆ.

ನಾನು ಟೀಚರಾದೆ. ಆ ದಶಕ ಮುಗಿಯುವ ಹೊತ್ತಿಗೆ ನಮ್ಮ ಶಾಲೆಯಲ್ಲೇ ವಿಜ್ಞಾನ ಪಾಠ ಮಾಡುತ್ತಿದ್ದವರನ್ನು ಮದುವೆಯಾದೆ. ಅವರು ನನ್ನನ್ನು ನೋಡಲು ಬರಲಿಲ್ಲ; ವರ್ಷಗಟ್ಟಲೆ ಸ್ಟಾಫ್ ರೂಮಿನಲ್ಲಿ ಎದುರಿಗೇ ಕೂತು ನೋಡಿದ್ದರು. ಮಂಟಪ, ವಾಲಗ ಯಾವುದೂ ಬೇಡವೆಂದು ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಅಪ್ಪ ಅಮ್ಮ ಹಿಂದಿನ ದಿನವೇ ಕನಕಪುರದಿಂದ ಬಂದಿದ್ದರು. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕೋಟು ಹಾಕಿ, ನನ್ನ ಹಿಂದಿನ ಬೆಂಚಿನಲ್ಲಿ ಕೂತಿದ್ದರು; ಆಚೆ ಬದಿಯ ಬೆಂಚಿನಲ್ಲಿ ಪದ್ಮಾವತಮ್ಮ ಇದ್ದರು. ಆ ಏಳೆಂಟು ವರ್ಷ ಅವರು ಬಂದಾಗಲೆಲ್ಲ ಕಾಫಿ ಮಾಡಿಕೊಟ್ಟಿದ್ದೆ, ಆರೋಗ್ಯ ವಿಚಾರಿಸಿದ್ದೆ. ಸಾರಕ್ಕಿ ದಾರಿಯಲ್ಲಿ ಆಡಿದ ಮಾತನ್ನು ಇಬ್ಬರೂ ಮತ್ತೆ ಎತ್ತಿರಲಿಲ್ಲ. ಅದು ಮುಗಿದ ಮಾತು ಎಂದು ಅವರು ನಂಬಿದ್ದರೆಂದು ಕಾಣುತ್ತದೆ.

ಶಾಲೆಯ ಇಬ್ಬರು ಮೇಷ್ಟ್ರುಗಳು ಸಹಿ ಹಾಕಿದರು. ಗುಮಾಸ್ತ ತಲೆ ಎತ್ತಿ, "ಇನ್ನೊಂದು ಸಾಕ್ಷಿ ಬೇಕಲ್ಲ. ಹುಡುಗಿ ಕಡೆಯಿಂದ ಯಾರು?" ಎಂದ.

ಅಪ್ಪ ಎದ್ದು, ಕೋಟಿನ ಜೇಬಿನಿಂದ ಪೆನ್ನು ತೆಗೆದು, ಕ್ಯಾಪು ಬಿಚ್ಚಿದರು.

ನಾನು ಆಚೆ ತಿರುಗಿ, "ಪದ್ಮಾವತಮ್ಮ, ನೀವು ಬನ್ನಿ" ಎಂದೆ.

ಪದ್ಮಾವತಮ್ಮ ಒಮ್ಮೆ ಅಪ್ಪನ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಮೇಜಿನ ಹತ್ತಿರ ಬಂದು ಬಗ್ಗಿ ನಿಧಾನವಾಗಿ ತಮ್ಮ ಹೆಸರು ಬರೆದರು. ಅವರು ಬರೆದು ಮುಗಿಸುವವರೆಗೂ ಅಪ್ಪ ಬಿಚ್ಚಿದ ಪೆನ್ನು ಹಿಡಿದುಕೊಂಡು ನಿಂತೇ ಇದ್ದರು.